ಹನ್ನೊಂದು ಸೇಮ್ ಸೀರೆ

ನನಗೆ ಇಂಗ್ಲಿಷ್ ಬರುವುದಿಲ್ಲವೆಂದರೆ ಸುಳ್ಳಾಗುತ್ತದೆ. ಬರುತ್ತದೆಂದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ಆದರೆ ನಾಲ್ಕು ಶಬ್ದಗಳು ಮಾತ್ರ ಚಪ್ಪಲಿ ಕಳೆಯದೆ ನಮ್ಮ ಮನೆಯೊಳಗೆ ಬಂದು ಕೂತುಬಿಟ್ಟಿವೆ: ಮ್ಯಾಚಿಂಗ್, ಸೇಮ್, ಗ್ರೂಪ್, ಗೆಟ್ ಟುಗೆದರ್. ಮೊದಲಿನೆರಡು ‘ಒಂದರಂತೆ ಇನ್ನೊಂದಿರಲಿ’ ಎನ್ನುತ್ತವೆ, ಕೊನೆಯೆರಡು ‘ಎಲ್ಲ ಒಂದು ಕಡೆ ಕೂಡಲಿ’ ಎನ್ನುತ್ತವೆ. ಕೇಳಲು ಎಷ್ಟು ಸಾಧು! ನನ್ನ ಅನುಭವದಲ್ಲಿ ಮೊದಲಿನೆರಡರಿಂದ ತಿರುಗಾಟ, ಕೊನೆಯೆರಡರಿಂದ ಜಗಳ. ನಮ್ಮವ್ವ ಹಸಿರು ಸೀರೆಯ ಮೇಲೆ ಗುಳೇದಗುಡ್ಡದ ನೇರಳೆ ಖಣದ ಕುಪ್ಪಸ ತೊಟ್ಟು ಜೀವಮಾನವಿಡೀ ಸುಖವಾಗಿದ್ದಳು. ನಾನು ಬಟ್ಟೆಯ ಚೂರೊಂದನ್ನು ಪರ್ಸಿನಲ್ಲಿಟ್ಟುಕೊಂಡು ಬಾಗಲಕೋಟೆಯ ಮೂರು ಮ್ಯಾಚಿಂಗ್ ಸೆಂಟರ್ ಸುತ್ತಿ, ನಾಲ್ಕನೆಯದರ ಬಾಗಿಲ ಬಿಸಿಲಿಗೆ ಹಿಡಿದು ನೋಡಿ ತಂದರೂ, ಮನೆಯ ಟ್ಯೂಬ್‌ಲೈಟಿನಲ್ಲಿ ಅದು ಬೇರೆಯೇ ಬಣ್ಣವಾಗಿರುತ್ತದೆ. “ನಾನೂ ನಿನಗ ಮ್ಯಾಚಿಂಗ್ ಇಲ್ಲ. ಇಪ್ಪತ್ತೇಳು ವರ್ಷ ನಡದಿಲ್ಲೇನು?” ಎನ್ನುತ್ತಾರೆ ನಮ್ಮ ಮನೆಯವರು. ಅವರಿಗೆ ಇಂಥ ಮಾತು ಸಲೀಸು.

ಹೋದ ವರ್ಷ ನಮ್ಮ ಹೈಸ್ಕೂಲಿನ ಗೆಳತಿಯರದೊಂದು ಫೋನ್ ಗ್ರೂಪ್ ಹುಟ್ಟಿತು. ಅಡ್ಮಿನ್ ಸರೋಜಿನಿ. ಆಗ ಕ್ಲಾಸಿನ ಮಾನಿಟರ್ ಆಗಿದ್ದಳು; ಈಗಲೂ ಆ ಕೆಲಸ ಬಿಟ್ಟಿಲ್ಲ. “ನಡುವ ಸಾಲಿ ಬಿಟ್ಟವ್ರ ನಂಬರ್ ಯಾರ ಕಡೆ ಐತಿ?” ಎಂದು ಮೊದಲ ದಿನವೇ ಕೇಳಿದಳು. ನಡುವೆ ಬಿಟ್ಟವಳು ಮಾಬೂಬಿ ಒಬ್ಬಳೇ. ಎರಡು ವರ್ಷ ನನ್ನ ಬೆಂಚಿನಲ್ಲಿ ಕೂತು, ಒಂಬತ್ತನೆಯಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ್ಗಕ್ಕೆ ಕೂತವಳು. ಇಳಕಲ್ಲಿನಲ್ಲಿ ನನ್ನ ಮನೆಯಿಂದ ಎರಡೇ ಓಣಿ ಆಚೆ ಅವಳ ಮನೆ. ನಾನು ಫೋನಿನಲ್ಲಿ ‘ಮ’ ಅಕ್ಷರದ ಕೆಳಗೆಲ್ಲ ಹುಡುಕಿದೆ, ಸಿಗಲಿಲ್ಲ. ಎದ್ದು ಹೋಗಿ ಕೇಳಬಹುದಿತ್ತು, ಆದರೆ ಒಲೆಯ ಮೇಲೆ ಹಾಲಿತ್ತು. “ಇರ್ಲಿ ಬಿಡ್ರಿ, ನಮ್ಮ ನಡುವ ಅಕಿಗೂ ಮುಜುಗರ ಆಕ್ಕೈತಿ” ಎಂದು ಸರೋಜಿನಿ ಬರೆದಳು. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿದರು. ಹತ್ತನೆಯ ತರಗತಿ ಪಾಸಾದ ನಾನೂ ಹೆಬ್ಬೆಟ್ಟು ಒತ್ತಿದೆ.

ಮುಂದೆ ಗ್ರೂಪಿನಿಂದ ಗೆಟ್ ಟುಗೆದರ್ ಹುಟ್ಟಿತು, ಬಾದಾಮಿಯಲ್ಲಿ. ಅದರಿಂದ ಸೇಮ್ ಹುಟ್ಟಿತು: ಹನ್ನೊಂದು ಮಂದಿಯೂ ದಾಳಿಂಬೆ ಬಣ್ಣದ ಇಳಕಲ್ ಸೀರೆ ಉಡಬೇಕು, ಅದೂ ಕೈಮಗ್ಗದ್ದೇ. “ಇಳಕಲ್ಲಾಗ ನೀ ಇದ್ದೀಯಲ್ಲ” ಎಂದು ಕೆಲಸ ನನ್ನ ತಲೆಗೆ ಬಂತು. ನನಗೆ ನಂಬಿಕೆಯ ಮಗ್ಗ ಒಂದೇ, ಮಾಬೂಬಿಯದು. ಈ ಸಲ ಯಾವ ಅಕ್ಷರವನ್ನೂ ಹುಡುಕದೆ ಕಾಲು ತಾವಾಗಿಯೇ ಅಲ್ಲಿಗೆ ಹೋದವು.

“ಹನ್ನೊಂದೂ ಸೇಮ್ ಬೇಕೇನು?” ಮಾಬೂಬಿ ನಕ್ಕಳು. “ಆಗೂದಿಲ್ಲವ್ವಾ. ಒಂದೊಂದು ಸೀರಿಗೂ ಹಾಸು, ಅಂದ್ರ ಮಗ್ಗದ ಉದ್ದನ್ನ ನೂಲು, ಬ್ಯಾರೆ. ಒಡಲಿನ ನೂಲಿಗೆ ಸೆರಗಿನ ನೂಲು ಎಳಿ ಎಳಿ ಕೂಡಿಸಬೇಕು. ಕೈ ಒಂದ ಆದ್ರೂ ಸೀರಿ ಅಕ್ಕತಂಗ್ಯಾರ ಇದ್ದಂಗ ಇರ್ತಾವ, ಅವಳಿ ಆಗೂದಿಲ್ಲ. ಇರ್ಲಿ, ಯಾರ ಮದಿವಿ?”

“ಮದಿವಿ ಅಲ್ಲ. ನಮ್ಮ ಮನಿಯವರ ಕಡಿಯವ್ರದು ಒಂದು ಕಾರ್ಯಕ್ರಮ” ಎಂದೆ. ಅವಳು ಕೊಟ್ಟ ಚಹಾ ಬಿಸಿಯಿತ್ತು. ಸುಳ್ಳು ಹೇಳಿದ ನಾಲಿಗೆ ಸುಟ್ಟಿತು, ಅದಕ್ಕೆ ಅದು ಬೇಕಾಗಿತ್ತು. ಅಂದಿನಿಂದ ನನಗೆ ಒಂದೇ ಚಿಂತೆ. ಇವಳಿಗೆ ಗೊತ್ತಾಗದಂತೆ ಸೀರೆ ಕೈಸೇರಬೇಕು. ಗೊತ್ತಾದರೆ ಈ ಹೊಸ್ತಿಲನ್ನು ಇನ್ನೊಮ್ಮೆ ಯಾವ ಮುಖ ಹೊತ್ತು ತುಳಿಯಲಿ? ಬಣ್ಣದ ಚೂರನ್ನೂ ನಮ್ಮ ಮನೆಯವರ ಕೈಯಲ್ಲೇ ಕಳಿಸಿದೆ.

ಸೀರೆ ತರಲು ಹೋದ ದಿನ ಮಾಬೂಬಿ ಒಂದೊಂದನ್ನೇ ನನ್ನ ಮಡಿಲಿಗೆ ಹಾಕಿದಳು. “ಇದರ ನೇಯ್ಗಿ ಗಟ್ಟಿ ಐತಿ, ಸರೋಜಿನಿಗೆ ಕೊಡು. ಬೆಂಚಿನ ಮ್ಯಾಲಿಂದ ಜಿಗದು ಜಿಗದು ಎರಡು ಲಂಗ ಹರಕೊಂಡಾಕಿ ಅಕಿ. ಇದು ಸ್ವಲ್ಪ ತಿಳಿ ಬಣ್ಣ, ಶಾಂತಾಗ ಒಪ್ಪತೈತಿ.”

“ನಿನಗ ಹೆಂಗ ಗೊತ್ತಾತು?” ಎಂದೆ.

“ಬಣ್ಣದ ಚೂರು ಕೊಡಾಕ ನಿಮ್ಮ ಯಜಮಾನ್ರು ಬಂದಿದ್ರಲ್ಲ” ಎಂದು ಅವಳು ಮಡಿಕೆ ಸರಿಪಡಿಸುತ್ತಲೇ ಹೇಳಿದಳು. “‘ನಿಮ್ಮ ಕ್ಲಾಸಿನವ್ರ ಸೀರಿ ಅಲ್ಲೇನ್ರಿ, ನೀವು ಯಾವ ಬಸ್ಸಿಗೆ ಹೊಂಟೀರಿ?’ ಅಂತ ಕೇಳಿದ್ರು.”

“ಮಾಬೂ, ನೀನೂ ಬಾರವ್ವಾ” ಎಂದೆ.

“ನಾ ಬರೂದಿದ್ರ ಹನ್ನೆರಡು ನೇಯಬೇಕಿತ್ತಲ್ಲ! ಎಳಿ ಕೂಡಿಸಿ ಕೂಡಿಸಿ ಕಣ್ಣು ಸೋತಾವ. ಹೋಗ್ ಬಾ.” ನಗುತ್ತಲೇ ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಮನೆಗೆ ಬಂದು, ಖರೇ ಹೇಳಿದ ತಪ್ಪಿಗಾಗಿ ನಮ್ಮ ಮನೆಯವರನ್ನು ನಾನೇ ಬೈದೆ.

ಬಾದಾಮಿಯ ಕೆಂಪು ಗುಡ್ಡದ ಬುಡದಲ್ಲಿ, ಹೋಟೆಲಿನ ಹುಲ್ಲಿನ ಮೇಲೆ ಸಾಲಾಗಿ ನಿಂತೆವು. ಫೋಟೋ ತೆಗೆಯುವ ಮೊದಲೇ ಪಂಚಾಯ್ತಿ ಶುರುವಾಯಿತು. “ನಂದು ಯಾಕ ತಿಳಿ ಆತು?” “ಅಕಿ ಸೆರಗು ನೋಡು, ನಂದರಕಿಂತ ನಾಕು ಬೆರಳು ಜಾಸ್ತಿ ಐತಿ!” ಮೂವತ್ತು ವರ್ಷಗಳ ಮೇಲೆ ಭೇಟಿಯಾದವರು ಒಬ್ಬರ ಮುಖ ಒಬ್ಬರು ನೋಡದೆ ಸೀರೆಯ ದಡಿ ನೋಡುತ್ತಿದ್ದರು. ಪಕ್ಕದ ಗೋಡೆಯ ಮೇಲೆ ಕೂತಿದ್ದ ಮಂಗಗಳು ಮಾತ್ರ, ಯಾವ ಅಡ್ಮಿನ್ನೂ ಹೇಳದೆ, ಪೂರಾ ಸೇಮ್ ಇದ್ದವು.

“ಯಾರು ನೇಯ್ದವ್ರು? ಸೇಮ್ ಅಂದ ಮ್ಯಾಲೆ ಸೇಮ್ ಕೊಡಬೇಕಲ್ಲ” ಎಂದಳು ಸರೋಜಿನಿ.

“ಮಾಬೂಬಿ” ಎಂದೆ.

“ಯಾವ ಮಾಬೂಬಿ?”

“ನೀ ಹರಕೊಂಡ ಎರಡೂ ಲಂಗದ ಲೆಕ್ಕ ಇಟ್ಟಾಕಿ.”

ಎಲ್ಲರೂ ಒಮ್ಮೆಗೇ ತಮ್ಮ ತಮ್ಮ ಸೆರಗು ನೋಡಿಕೊಂಡರು. ಅವತ್ತು ನಾವು ಸೇಮ್ ಆಗಿದ್ದು ಆ ಒಂದು ಗಳಿಗೆ ಮಾತ್ರ. ಆಮೇಲೆ ಸರೋಜಿನಿ ಮೆಲ್ಲಗೆ, “ಅಕಿನ್ನೂ ಗ್ರೂಪಿಗೆ ಹಾಕೋಣು. ನೀ ಹೋಗಿ ನಂಬರ್ ತಗೊಂಡು ಕಳಸು” ಎಂದಳು. ಎದುರುಬದುರು ಕೂತವರು ಬಾಯಿಂದ ಹೂಂ ಅನ್ನಬಾರದೇ? ಫೋನ್ ತೆಗೆದು ಹೆಬ್ಬೆಟ್ಟು ಒತ್ತಿದರು.

ಸಂಜೆ ಊರಿಗೆ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗೆ ನನ್ನ ಫೋನ್ ಹೊಡೆದುಕೊಂಡಿತು. ನಮ್ಮ ಮನೆಯವರು ಕನ್ನಡಕ ಏರಿಸಿ ಓದಿದರು: “‘ಸೀರೆ ಮಗ್ಗ’ ಅಂತ ಬಂದೈತಿ ನೋಡು. ಇದು ಮಾಬೂಬಿದಲ್ಲೇನು? ನಂಬರ್ ಇಲ್ಲ ಅಂತಿದ್ದೆಲ್ಲ?”

ನಾನು ‘ಮ’ದಲ್ಲಿ ಹುಡುಕಿದವಳು ಎಷ್ಟೋ ವರ್ಷದಿಂದ ‘ಸ’ದಲ್ಲಿ ಕೂತಿದ್ದಳು, ಅಲ್ಲಿ ಕೂರಿಸಿದವಳೂ ನಾನೇ. ಫೋನಿನಲ್ಲಿ ಮಾತಾಡುವ ಧೈರ್ಯವಾಗಲಿಲ್ಲ, ಹಸಿಗಾಲಿನಲ್ಲೇ ಚಪ್ಪಲಿ ಮೆಟ್ಟಿದೆ. ಒಲೆಯ ಮೇಲೆ ಅವತ್ತೂ ಹಾಲಿತ್ತು. “ಉಕ್ಕಿದ್ರ ಉಕ್ಕಲಿ ಬಿಡ್ರಿ” ಎಂದು ಹೊರಟೆ. ಅರ್ಧ ಓಣಿ ದಾಟಿದ ಮೇಲೆ ನೋಡಿಕೊಂಡೆ: ಎರಡು ಚಪ್ಪಲಿಯೂ ಸೇಮ್ ಇರಲಿಲ್ಲ.