ಲಂಡನ್ನಿನ ಕಲ್ಲಿಗೆ ರಾವೂರಿನ ಗುರುತು

"ಫೋನ್ ನೋಡಿ ದಾರಿ ಹಿಡಿಯಾವ್ರು ಬ್ಯಾರೆ ಮಂದಿ. ನಾ ಕಲ್ಲು ನೋಡಿ ನಡಿಯಾಂವ. ಒಂದು ವಾರ ತಡಿ, ಈ ಲಂಡನ್ ನನಗ ನಮ್ಮ ಓಣಿ ಆಗ್ತದ!"

ರಾಮಲಿಂಗ ಮೇಸ್ತ್ರಿ ಮಗಳ ಮನೆಯ ಸೋಫಾದ ಮೇಲೆ ಪಟ್ಟಾಭಿಷೇಕಕ್ಕೆ ಕುಳಿತವರಂತೆ ಕುಳಿತು ಹೀಗೆ ಘೋಷಿಸಿದಾಗ, ಅವರು ಆ ಊರಿಗೆ ಬಂದು ಬರೀ ಮೂರು ದಿನವಾಗಿತ್ತು. ವಾಡಿ ಹತ್ತಿರದ ರಾವೂರಿನ ಕಲ್ಲಿನ ಗಣಿಯಲ್ಲಿ ಮೂವತ್ನಾಲ್ಕು ವರ್ಷ ಮೇಸ್ತ್ರಿಕೆ ಮಾಡಿ ನಿವೃತ್ತರಾದವರು ಅವರು. ಮಗಳು ಲುಂಬಿನಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ಅವ್ವನನ್ನು ನಾಲ್ಕು ತಿಂಗಳ ಮಟ್ಟಿಗೆ ಕರೆಸಿಕೊಂಡವಳು ಮರುದಿನವೇ ಒಂದು ಕಾನೂನು ಮಾಡಿದ್ದಳು. ಅಪ್ಪ ಹೊರಗೆ ಕಾಲಿಟ್ಟರೆ ಕೊರಳಿಗೆ ಫೋನು ತೂಗುಹಾಕಿಕೊಂಡೇ ಇಡಬೇಕು. ಅವರು ಎಲ್ಲಿದ್ದಾರೆಂಬುದು ಅವಳ ಫೋನಿನಲ್ಲಿ ಕಾಣುತ್ತಿರುತ್ತದೆ. ಅದಕ್ಕೆಂದು ಒಂದು ಪುಟ್ಟ ಚೀಲವನ್ನೂ ತಂದಿದ್ದಳು. ಬಣ್ಣ, ಗುಲಾಬಿ! ಮುನ್ನೂರು ಆಳುಗಳನ್ನು ಕಣ್ಸನ್ನೆಯಲ್ಲೇ ನಡೆಸಿದವರ ಕೊರಳಿಗೆ ಗುಲಾಬಿ ಚೀಲ!

ಸಂಜೆಯವರೆಗೆ ವಾದ ನಡೆದು ಕೊನೆಗೆ ಒಂದು ಕರಾರು ಆಯಿತು. ಆರು ದಿನ ಮೇಸ್ತ್ರಿ ಚೀಲವಿಲ್ಲದೆ ತಾವೇ ಓಡಾಡಿ ನದಿಯ ದಾರಿ ಕಲಿಯಬೇಕು, ಏಳನೆಯ ದಿನ ಹೆಂಡತಿ ತುಳಜಾಬಾಯಿಯನ್ನು ಕರೆದುಕೊಂಡು ಹೋಗಿ, ಯಾರನ್ನೂ ಕೇಳದೆ ಮನೆಗೆ ಮರಳಬೇಕು. ಮರಳಿದರೆ ಚೀಲ ಕಸದ ಬುಟ್ಟಿಗೆ. ದಾರಿ ತಪ್ಪಿದರೆ ನಾಲ್ಕು ತಿಂಗಳೂ ಕೊರಳಿಗೆ. ತುಳಜಾಬಾಯಿ ಯಾರ ಪಕ್ಷವನ್ನೂ ವಹಿಸಲಿಲ್ಲ, ಸುಮ್ಮನೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಮೇಸ್ತ್ರಿಯ ಧೈರ್ಯಕ್ಕೆ ಕಾರಣ ಅವರ ಕಿಸೆಯಲ್ಲಿತ್ತು. ಗಣಿಯಲ್ಲಿ ಒದ್ದೆ ಕಲ್ಲಿನ ಮೇಲೂ ಮೂಡುವ, ಮಳೆಗೂ ಅಳಿಯದ ಹಳದಿ ಮೇಣದ ಬಳಪ ಅದು. ನಿವೃತ್ತರಾಗಿ ಎರಡು ವರ್ಷವಾದರೂ ಅಂಗಿ ಬದಲಾದಂತೆ ಬಳಪ ಹೊಸ ಕಿಸೆಗೆ ದಾಟುತ್ತಲೇ ಬಂದಿತ್ತು. ಲಂಡನ್ನಿನ ಕಾಲುದಾರಿಗಳೋ, ಎಲ್ಲಾ ಹಾಸುಗಲ್ಲು! ತಿರುವು ಬಂದಲ್ಲೆಲ್ಲ ಒಂದು ಕಲ್ಲಿಗೆ ತಮ್ಮ ಗುರುತು ಹಾಕಿದರಾಯಿತು, ಎರಡು ಗೆರೆ, ನಡುವೆ ಒಂದು ಚುಕ್ಕೆ. ರಾವೂರಿನಲ್ಲಿ ಆ ಗುರುತು ಕಂಡರೆ ಆಳುಗಳು ಮರುಮಾತಿಲ್ಲದೆ ಕಲ್ಲೆತ್ತಿ ಬದಿಗಿಡುತ್ತಿದ್ದರು. ಒಳಗೆ ಬಿರುಕಿದೆ, ಉಪಯೋಗವಿಲ್ಲ ಎಂದು ಅದರ ಅರ್ಥ. ಅಭ್ಯಾಸದ ಕೈ, ಗಟ್ಟಿ ಕಲ್ಲಿನ ಮೇಲೆ ಆ ಗುರುತು ಹಾಕಲು ಒಪ್ಪಲೇ ಇಲ್ಲ. ಹೀಗಾಗಿ ಪ್ರತಿ ತಿರುವಿನಲ್ಲೂ ಕೂತು, ಬೆರಳಗೆಣ್ಣಿನಿಂದ ತಟ್ಟಿ, ಬಿರುಕಿನ ಕಲ್ಲನ್ನೇ ಹುಡುಕಿ ಗೆರೆ ಎಳೆದರು.

ಆ ಆರು ದಿನ ಅವರು ನಡೆದರೋ ತೇಲಿದರೋ ಅವರಿಗೇ ಗೊತ್ತಿಲ್ಲ. ಬೆಳಗಿನ ತುಂತುರು ನಿಂತ ಮೇಲೆ ಕಲ್ಲುಗಳು ಪಾಲಿಶ್ ಹೊಡೆದಂತೆ ಮಿನುಗುತ್ತಿದ್ದವು. ಹಾರ್ನಿಲ್ಲ, ದೂಳಿಲ್ಲ, ಟಂಟಂ ಆಟೋಗೆ ಕಾಯುವ ಮಾತಿಲ್ಲ. ಕಾಲು ಎತ್ತ ಎಳೆಯಿತೋ ಅತ್ತ ಊರೇ ದಾರಿ ಬಿಟ್ಟುಕೊಡುತ್ತಿತ್ತು. ಬ್ರೆಡ್ಡಿನ ವಾಸನೆಯ ಓಣಿ, ಗಂಟೆಯ ಓಣಿ, ಹುಣಸೆಯಂಥ ಮರವಿದ್ದ ಓಣಿ, ಎಲ್ಲಕ್ಕೂ ತಾವೇ ಹೆಸರಿಟ್ಟರು. ನದಿಯ ದಂಡೆಯಲ್ಲಿ ಒಂದು ನೀಲಿ ಛಾಯೆಯ ಕಲ್ಲು ಕಂಡು, ಇದು ನಮ್ಮ ರಾವೂರಿನದೇ, ತಾವೇ ಎತ್ತಿಸಿ ಕಳಿಸಿದ್ದು, ತಮಗಿಂತ ಮೊದಲೇ ಬಂದು ಕಾಯುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. ಅದರ ಮೇಲೆ ಕಾಲಿಡಲು ಮನಸ್ಸಾಗದೆ ಬದಿಗೆ ನಿಂತು ನೀರು ನೋಡಿದರು. ಅವರಿಗೆ ಭಾಳ ಸುಖವಾಗಿತ್ತು.

ಏಳನೆಯ ದಿನ ದಂಪತಿ ಹೊರಟರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ತುಳಜಾಬಾಯಿಯ ಕೈಯಲ್ಲಿ. ಮೇಸ್ತ್ರಿ ತಿರುವಿಗೊಮ್ಮೆ ನಿಂತು ತಮ್ಮ ಗುರುತನ್ನು ಕೋಟೆ ತೋರಿಸುವವರಂತೆ ತೋರಿಸಿದರು. ತುಳಜಾಬಾಯಿ ಮಾತ್ರ ಕಿಟಕಿಯ ಬೆಕ್ಕು, ಬಾಗಿಲ ಬಣ್ಣ, ಹೂಕುಂಡಕ್ಕೆ ನೀರು ಹಾಕುವ ಮುದುಕಿ, ಇವನ್ನೇ ನೋಡುತ್ತ ಬಂದರು. ಹೀಗೆ ಮುಗಿಲು ನೋಡಿ ನಡೆದರೆ ಎಡವುತ್ತಿ, ಕೆಳಗೆ ನೋಡು ಎಂದು ಗಂಡ ಗದರಿದ್ದೂ ಆಯಿತು. ನದಿದಂಡೆಯಲ್ಲಿ ಉಂಡು, ನೀಲಿ ಕಲ್ಲಿಗೆ ನಮಸ್ಕಾರ ಹೇಳಿಸಿ, ಮೂರು ತಾಸು ಕಳೆದು ಮನೆಯ ಕಡೆ ತಿರುಗಿದರು.

ಮೊದಲ ತಿರುವಿನಲ್ಲಿ ಗುರುತಿರಲಿಲ್ಲ.

ಗುರುತಷ್ಟೇ ಅಲ್ಲ, ಕಲ್ಲೇ ಇರಲಿಲ್ಲ! ಆ ಜಾಗದಲ್ಲಿ ಹೊಚ್ಚ ಹೊಸ ಕಲ್ಲು ಕೂತಿತ್ತು. ಅಂದಾಜಿನ ಮೇಲೆ ಎಡಕ್ಕೆ ಹೋದರು. ಅಲ್ಲೂ ಹೊಸ ಕಲ್ಲು. ಬಲಕ್ಕೆ ಹೋದರು, ಅಲ್ಲೂ ಹೊಸದೇ. ಬ್ರೆಡ್ಡಿನ ವಾಸನೆ ಈಗ ಎಲ್ಲಾ ಓಣಿಯಿಂದಲೂ ಬರುತ್ತಿತ್ತು. ಮೇಸ್ತ್ರಿಯ ಕಣ್ಣೆದುರು ಗುಲಾಬಿ ಚೀಲ ತೂಗಾಡಿತು.

ನಾಲ್ಕನೆಯ ತಿರುವಿನಲ್ಲಿ ಗುಟ್ಟು ಬಯಲಾಯಿತು. ಕಿತ್ತಳೆ ಅಂಗಿಯ ಕೆಲಸಗಾರರು ನೆಲದಿಂದ ಕಲ್ಲೊಂದನ್ನು ಎತ್ತುತ್ತಿದ್ದರು. ಪಕ್ಕದ ಲಾರಿಯಲ್ಲಿ ಸಾಲಾಗಿ ನಿಂತ ಕಲ್ಲುಗಳ ಮೇಲೆಲ್ಲ ಎರಡು ಗೆರೆ, ನಡುವೆ ಚುಕ್ಕೆ. ಬದಲಿಸಬೇಕಾದ ಕಲ್ಲಿಗೆ ಹಳದಿ ಗುರುತು ಹಾಕುವ ಪದ್ಧತಿ ಆ ಊರಲ್ಲೂ ಇತ್ತು. ಮೂವತ್ನಾಲ್ಕು ವರ್ಷ ರಾವೂರಿನವರು ಪಾಲಿಸಿದ ಆಜ್ಞೆಯನ್ನು ಲಂಡನ್ನಿನವರೂ ಶಿರಸಾವಹಿಸಿ ಪಾಲಿಸಿದ್ದರು! ಮೇಸ್ತ್ರಿ ಮನೆಗೆ ಮರಳುವ ದಾರಿ ಲಾರಿ ಹತ್ತಿ ಕೂತಿತ್ತು.

ಆದರೂ ಅಭ್ಯಾಸ ಬಿಡಬೇಕಲ್ಲ! ಎತ್ತಿದ ಕಲ್ಲಿನ ಹತ್ತಿರ ಹೋಗಿ ಗೆಣ್ಣಿನಿಂದ ತಟ್ಟಿ, ಬಿರುಕು ಹರಿದ ಜಾಗದ ಮೇಲೆ ಬೆರಳಾಡಿಸಿದರು. ಅಲ್ಲಿನ ಮುಖಂಡನೂ ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿ, ಹೆಬ್ಬೆರಳೆತ್ತಿದ. ಒಂದಕ್ಷರ ಇಂಗ್ಲಿಷಿಲ್ಲದೆ ಇಬ್ಬರು ಮೇಸ್ತ್ರಿಗಳು ಒಂದಾದರು. ರಾಮಲಿಂಗರ ಎದೆ ಉಬ್ಬಿ, ತಾವು ದಾರಿ ತಪ್ಪಿದ್ದೇ ಮರೆತುಹೋಯಿತು.

"ಕಲ್ಲಂತೂ ಖರೇನೇ ಒಡದದ," ಎಂದರು ತುಳಜಾಬಾಯಿ. "ಈಗ ಮನಿ ಎಲ್ಲ್ಯಾದ ಹೇಳ್ರಿ."

ಮೇಸ್ತ್ರಿ ನೆಲ ನೋಡಿದರು. ನೆಲ ಏನೂ ಹೇಳಲಿಲ್ಲ. ತುಳಜಾಬಾಯಿ ಬುತ್ತಿಯ ಗಂಟನ್ನು ಗಂಡನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಹೂಕುಂಡದ ಮುದುಕಿ ಕಂಡಲ್ಲಿ ಎಡಕ್ಕೆ, ಬೆಕ್ಕು ಮಲಗಿದ್ದ ಕಿಟಕಿಯ ಹತ್ತಿರ ಬಲಕ್ಕೆ, ಹಸಿರು ಬಾಗಿಲು ದಾಟಿ ನೇರಕ್ಕೆ. ಮುದುಕಿಯಂತೂ ಕೈ ಬೀಸಿದಳು, ಇವರೂ ಬೀಸಿದರು. ಮದುವೆಯಾದಂದಿನಿಂದ ಹೆಂಡತಿಯ ಮುಂದೆಯೇ ನಡೆದಿದ್ದ ಮೇಸ್ತ್ರಿ, ಮೊದಲ ಸಲ ಅವಳ ಹಿಮ್ಮಡಿ ನೋಡುತ್ತ ಹಿಂಬಾಲಿಸಿದರು. ಒಂದೇ ಸಲಕ್ಕೆ ಹೇಗೆ ಕಲಿತೆ ಎಂದು ಮೆಲ್ಲಗೆ ಕೇಳಿದರು.

"ನೀವು ಕಲ್ಲು ನೋಡಾಕತ್ತಿದ್ರಿ," ಎಂದರು ಆಕೆ ತಿರುಗದೆ. "ನಾ ಊರು ನೋಡಿದೆ."

ಮನೆ ಬಂತು. ಒಂದೇ ಅಚ್ಚಿನಲ್ಲಿ ತೆಗೆದ ನಲವತ್ತು ಮನೆಗಳ ಸಾಲಿನಲ್ಲಿ ಆಕೆ ಸರಿಯಾದ ಬಾಗಿಲನ್ನೇ ತಟ್ಟಿದರು. ಲುಂಬಿನಿ ಚೀಲ ಹಿಡಿದೇ ಬಾಗಿಲು ತೆರೆದಳು. ಅವ್ವ ಮುಂದೆ, ಗಂಟು ಹಿಡಿದ ಅಪ್ಪ ಹಿಂದೆ ಬರುವುದನ್ನು ಮಹಡಿಯ ಕಿಟಕಿಯಿಂದಲೇ ಕಂಡಿದ್ದಳು. ಮೇಸ್ತ್ರಿ ತಾವಾಗಿಯೇ ತಲೆ ಬಗ್ಗಿಸಿದರು, ಮಗಳು ಫೋನಿಟ್ಟ ಚೀಲ ತೊಡಿಸಿದಳು.

ಮಹಡಿ ಹತ್ತಿ ಕೂತ ಅವರ ಮುಖ ಬಾಡಿದ್ದು ನೋಡಿ ತುಳಜಾಬಾಯಿ ಪಕ್ಕಕ್ಕೆ ಬಂದರು. ನಮ್ಮ ಮೆಟ್ಟಿಲ ಮುಂದಿನ ಕಲ್ಲೂ ಅಲುಗಾಡುತ್ತದೆ, ಅದಕ್ಕೂ ಒಂದು ಗುರುತು ಹಾಕಿ ಬಂದರೆ ಆ ಮಂದಿ ಬದಲಿಸಿಕೊಟ್ಟಾರು, ನಿಮ್ಮಷ್ಟು ಕಲ್ಲು ಬಲ್ಲವರು ಇಲ್ಲಿ ಯಾರಿದ್ದಾರೆ ಎಂದರು. ಮೇಸ್ತ್ರಿಗೆ ಜೀವ ಬಂತು. ಬಳಪ ತೆಗೆದುಕೊಂಡು ದಡದಡ ಕೆಳಗಿಳಿದು, ಹೊರಗೆ ಹೋಗಿ, ನೆಲವನ್ನೇ ನೋಡುತ್ತ ನಡೆದು, ಕುಕ್ಕರಗಾಲಲ್ಲಿ ಕೂತು, ಕಲ್ಲು ತಟ್ಟಿ, ಇನ್ನೇನು ಗೆರೆ ಎಳೆಯಬೇಕು, ಎದೆಯ ಮೇಲಿನ ಗುಲಾಬಿ ಚೀಲ ಗುರ್ರೆಂದಿತು.

ಲುಂಬಿನಿಯ ಫೋನು.

"ಅಪ್ಪಾ, ಬಳಪ ಕಿಸೇದಾಗ ಇಡು. ಅದು ಬಾಜೂ ಮನಿ ಬಾಗಲ."