ಹುಣಸೆ ತೋಪಿನ ನಿದ್ದೆ ಕ್ಲಾಸು

ಹೊಲಿಗೆ ಕಲಿಸುವವರಿದ್ದಾರೆ, ಕಾರು ಕಲಿಸುವವರಿದ್ದಾರೆ. ನಾನು ಮೀಸೆ ಬಂದ ಹುಡುಗರಿಗೆ, ಮದುವೆ ವಯಸ್ಸಿನ ಹುಡುಗಿಯರಿಗೆ ನಿದ್ದೆ ಮಾಡುವುದನ್ನು ಕಲಿಸುತ್ತೇನೆ. ಇಂಥ ಉದ್ಯೋಗ ಹಿಡಿದವಳ ಸುತ್ತ ನಗೆಪಾಟಲು ನಡೆಯದೆ ಇನ್ನೇನು ನಡೆದೀತು?

ಸರಿಯಾಗಿ ಹೇಳಬೇಕೆಂದರೆ ನಾನು ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಯುವಜನರ ಆರೋಗ್ಯ ನೋಡಿಕೊಳ್ಳುವ ಕಾರ್ಯಕರ್ತೆ. ನಲ್ಲೂರಿನ ಹತ್ತಿರ ಒಂದು ಕೋಣೆ, ಎರಡು ಕುರ್ಚಿ, ಒಂದು ರಿಜಿಸ್ಟರು, ಹದಿನೈದು ಚಾಪೆ. ಬಂದವರ ಮಾತು ಕೇಳುತ್ತೇನೆ, ಬೇಕಾದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವಂತೆ ನಿಧಾನವಾಗಿ ಉಸಿರಾಡುವುದನ್ನು ಹೇಳಿಕೊಡುತ್ತೇನೆ, ಅದೂ ಬೇಡವೆಂದರೆ ಸುಮ್ಮನೆ ಜೊತೆಗೆ ಕೂರುತ್ತೇನೆ. ಸುಮ್ಮನೆ ಕೂರುವುದಕ್ಕೂ ತರಬೇತಿ ಬೇಕು ಎಂದರೆ ನನ್ನ ಅತ್ತೆ ಇವತ್ತಿಗೂ ನಂಬುವುದಿಲ್ಲ.

ಫ್ರೆಂಡಿನ ಸಮಸ್ಯೆ

ಮೊದಲ ತಿಂಗಳು ಯಾರೂ ಬರಲಿಲ್ಲ. ಬಾಗಿಲ ಮೇಲೆ ‘ಮನಸ್ಸಿನ ಆರೋಗ್ಯ’ ಎಂದು ಬೋರ್ಡು ಹಾಕಿದ್ದೆ. ಒಳಗೆ ಕಾಲಿಟ್ಟವನಿಗೆ ತಲೆ ಕೆಟ್ಟಿದೆ ಎಂದು ಊರು ಸಂಜೆಯೊಳಗೆ ತೀರ್ಮಾನ ಮಾಡಿಬಿಡುತ್ತದೆ. ಬೋರ್ಡು ತೆಗೆದು ಕೇರಂ ಬೋರ್ಡು ಇಟ್ಟೆ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಬಂದವರಿಗೆಲ್ಲ ಸಮಸ್ಯೆ ಮಾತ್ರ ಫ್ರೆಂಡಿನದು.

ಒಬ್ಬ ಅರ್ಧ ಗಂಟೆ ಹೇಳಿದ. ಅವನ ಫ್ರೆಂಡಿಗೆ ಊಟ ಸೇರುವುದಿಲ್ಲವಂತೆ, ಯಾರ ಹತ್ತಿರವೂ ಮಾತು ಬೇಡವಂತೆ, ಎದೆ ಡವಡವ ಅನ್ನುತ್ತದಂತೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣೇ ತುಂಬಿತು.

“ಪಾಪ, ನಿನ್ನ ಫ್ರೆಂಡನ್ನ ಕರ್ಕೊಂಡ್ ಬಾಪ್ಪಾ,” ಎಂದೆ.

ಅವನು ಕಣ್ಣೊರೆಸಿಕೊಂಡು, “ಬಂದಿದೀನಲ್ಲಕ್ಕ,” ಅಂದ.

ಬದಲಿಗೆ ಬಂದ ಅಜ್ಜಿ

ಒಂದು ಮಧ್ಯಾಹ್ನ ಕೋಲೂರಿಕೊಂಡು ಒಬ್ಬಳು ಅಜ್ಜಿ ಬಂದಳು. ಮೊಮ್ಮಗ ಕೆಲಸ ಬಿಟ್ಟು ಮನೆಯಲ್ಲಿ ಮಂಕಾಗಿ ಕೂತಿದ್ದಾನೆ, ಕರೆದರೆ ಬರುವುದಿಲ್ಲ.

“ಅವನ ಬದ್ಲು ನಾನೇ ಬಂದೀನಿ. ಅದೇನ್ ಉಸ್ರಾಟ ಹೇಳ್ಕೊಡ್ತೀಯೋ ಹೇಳ್ಕೊಡವ್ವ.”

“ಅಜ್ಜಿ, ಅದನ್ನ ಅವನೇ ಮಾಡ್ಬೇಕು.”

“ಯಾಕೆ? ಅವನಿಗೆ ಜ್ವರ ಬಂದಾಗ ಹರಕೆ ಹೊತ್ತು ಉರುಳುಸೇವೆ ನಾನೇ ಮಾಡ್ಲಿಲ್ವಾ? ದೇವ್ರು ಒಪ್ಕೊಂಡ. ನೀನು ದೇವ್ರಿಗಿಂತ ದೊಡ್ಡೋಳಾ?”

ದೇವರೇ ಒಪ್ಪಿದ ಮೇಲೆ ನನ್ನದೇನು? ಚಾಪೆ ಹಾಸಿದೆ. ಅಜ್ಜಿ ನಾಲ್ಕು ದಿನ ತಪ್ಪದೆ ಬಂದು ಮೊಮ್ಮಗನ ಪರವಾಗಿ ಉಸಿರೆಳೆದು ಬಿಟ್ಟಳು. ಐದನೆಯ ದಿನ ಬಾಗಿಲಲ್ಲಿ ಆ ಮೊಮ್ಮಗನೇ ನಿಂತಿದ್ದ. ಗಡ್ಡ ಬಿಟ್ಟುಕೊಂಡು ಬಡವಾಗಿದ್ದ. ತಿಂಗಳುಗಟ್ಟಲೆ ಹೊರಗೆ ಬರದವನು ಬಂದನಲ್ಲ ಎಂದು ನನಗೆ ಜೀವ ಬಂದಂತಾಯಿತು.

“ನಮ್ಮಜ್ಜಿಗೆ ಏನ್ ಕಲಿಸ್ಬಿಟ್ರಿ ನೀವು?” ಎಂದ. “ಏಳು ಗಂಟೆಗೇ ಮಲಗ್ಬಿಡ್ತಾಳೆ. ನಾಲ್ಕು ದಿನದಿಂದ ನಾನೇ ಮುದ್ದೆ ತಿರುವ್ತಾ ಇದೀನಿ!”

ದೆವ್ವದ ಮರ

ಇಷ್ಟರಲ್ಲಿ ಆ ಹುಡುಗಿ ಬಂದಳು. ಏರ್‌ಪೋರ್ಟ್ ಹತ್ತಿರದ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ. ವಾರಕ್ಕೊಂದು ಶಿಫ್ಟು. ಮೂರು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ.

ಹಿಂದೆಯೇ ಬಂದ ಅವಳ ತಾಯಿ ನನ್ನ ಕೈ ಹಿಡಿದುಕೊಂಡು, “ನಿದ್ದೆ ಬರಲ್ಲ ಅನ್ನೋದು ನಿಮ್ಮ ಬಾಯಿಂದ ಆಚೆ ಹೋಗ್ಬಾರ್ದು ಮೇಡಮ್. ಗಂಡಿನ ಕಡೆಯೋರು ಬರೋರಿದಾರೆ. ತಲೆ ಕೆಟ್ಟೋಳು ಅಂದ್ಬಿಡ್ತಾರೆ,” ಎಂದರು.

ತಾಯಿ ಅತ್ತ ಹೋದ ಮೇಲೆ ಹುಡುಗಿ ಮೆಲ್ಲಗೆ ಹೇಳಿದಳು: “ಮದ್ವೆ ಆಗ್ಲಿ ಬಿಡ್ಲಿ ಅಕ್ಕ. ಒಂದೇ ಒಂದ್ ಸಲ, ಚಿಕ್ಕೋಳಾಗಿದ್ದಾಗ ಮಲಗ್ತಿದ್ನಲ್ಲ, ಹಂಗೆ ಮಲಗ್ಬೇಕು.”

ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯಿಲೆ ಏನಿಲ್ಲ, ಶಿಫ್ಟು ಬದಲಾಗಿ ಬದಲಾಗಿ ಮೈಗೆ ಹಗಲು ರಾತ್ರಿ ಮರೆತುಹೋಗಿದೆ ಎಂದರು. ಗೋಡೌನಿನವರನ್ನು ಕಾಡಿ ಬೇಡಿ ಹಗಲಿನ ಶಿಫ್ಟು ಕೊಡಿಸಿದ್ದಾಯಿತು. ಭಾನುವಾರ ಎಲ್ಲರನ್ನೂ ಒಟ್ಟಿಗೆ ಮಲಗಿಸುವ ನಿದ್ದೆ ಕ್ಲಾಸನ್ನು ಸೆಕೆಯ ಕೋಣೆಯಿಂದ ಹುಣಸೆ ತೋಪಿಗೆ ಸಾಗಿಸಿದೆ.

“ಹುಣಸೆ ಮರದ ಕೆಳಗೆ ಮಲಗಿದ್ರೆ ದೆವ್ವ ಮೆಟ್ಕೊಳ್ತದೆ,” ಎಂದು ಕುರಿ ಮೇಯಿಸುವ ತಾತ ಎಚ್ಚರಿಸಿದ. ನಾವು ಕೇಳಲಿಲ್ಲ. ಹನ್ನೆರಡು ಜನ ಚಾಪೆ ಹಾಸಿ ಮಲಗಿದರು. ಮುದಿ ಮರಗಳ ಕೆಳಗೆ ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ಅಲ್ಲಾಡುತ್ತಿತ್ತು. ನಾನು ದನಿ ತಗ್ಗಿಸಿ, “ಕಣ್ಣು ಮುಚ್ಚಿ. ನೀವೀಗ ಕೆರೆ ನೀರಿನ ಮೇಲೆ ತೇಲ್ತಾ ಇದೀರಿ. ತಂಪು ಗಾಳಿ...” ಎಂದು ಶುರು ಮಾಡಿದೆ. ನಿಜಕ್ಕೂ ತೇಲಿದಂತಾಯಿತು. ಆಹಾ, ಎಂಥ ಕೆರೆ!

ಕಣ್ಣು ಬಿಟ್ಟರೆ ಹನ್ನೆರಡು ಜನವೂ ನನ್ನ ಸುತ್ತ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಹುಡುಗಿ ದುಪಟ್ಟಾದಿಂದ ನನಗೆ ನೊಣ ಓಡಿಸುತ್ತಿದ್ದಾಳೆ. ದೂರದಲ್ಲಿ ತಾತ, “ನಾನ್ ಹೇಳ್ಲಿಲ್ವಾ, ಮೇಡಮ್ಗೇ ಮೆಟ್ಕೊಂತು,” ಅನ್ನುತ್ತಿದ್ದಾನೆ.

ಹುಡುಗಿ ರಿಜಿಸ್ಟರು ಮುಂದಿಟ್ಟು ಕೇಳಿದಳು: “ಇವತ್ತು ಯಾರ ಹೆಸರು ಬರೀಲಿ ಅಕ್ಕ? ನಿದ್ದೆ ಬಂದಿದ್ದು ನಿಮಗೊಬ್ಬರಿಗೇ.”

ಹೆಣ್ಣು ನೋಡುವ ಶಾಸ್ತ್ರ

ಅದಾಗಿ ಐದನೆಯ ಭಾನುವಾರ. ಸಂಜೆ ಸಮೇತನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. “ನಾಲ್ಕಕ್ಕೆಲ್ಲ ಬಂದು ಸೀರೆ ಉಟ್ಕೋಬೇಕು,” ಎಂಬ ಕರಾರಿನ ಮೇಲೆ ತಾಯಿ ಮಗಳನ್ನು ತೋಪಿಗೆ ಕಳಿಸಿದ್ದರು.

ಎರಡೂವರೆಗೆ ಮಲಗಿಸಿದೆ. ಗಾಳಿಗೆ ಹುಣಸೆ ಎಲೆ ಸುಮ್ಮನೆ ಉದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಸಣ್ಣ ಸದ್ದು. ದುಂಬಿಯಿರಬೇಕು ಎಂದುಕೊಂಡೆ. ಬಗ್ಗಿ ನೋಡಿದರೆ ನಮ್ಮ ಹುಡುಗಿ! ಬಾಯಿ ಅರೆ ತೆರೆದು, ಕೂದಲಲ್ಲೆಲ್ಲ ಎಲೆ ತುಂಬಿಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ನನಗೆ ಅಳುವೇ ಬಂತು. ಉಳಿದವರನ್ನೆಲ್ಲ ಮೆಲ್ಲಗೆ ತಟ್ಟಿ ಎಬ್ಬಿಸಿ ಮನೆಗೆ ಕಳಿಸಿದೆ.

ಅಷ್ಟರಲ್ಲಿ ಒಂದು ಮೆರವಣಿಗೆ ಬಂತು. ಮುಂದೆ ಬೆವರು ಒರೆಸಿಕೊಳ್ಳುತ್ತಾ ತಾಯಿ, ಹಿಂದೆ ಗಂಡಿನ ಸೋದರಮಾವ, ಅತ್ತೆ, ಇಸ್ತ್ರಿ ಷರ್ಟಿನ ಗಂಡು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ ಎಂದು ಮಾವನಿಗೆ ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಗಿ, ಮೂರು ಗಂಟೆಗೇ ಬಂದಿಳಿದಿದ್ದರು. ಹುಡುಗಿ ಎಲ್ಲಿ ಎಂದು ಅತ್ತೆ ಕೇಳಿದಾಗ ಗಾಬರಿಯಲ್ಲಿ ತಾಯಿ, “ತೋಪಲ್ಲಿ,” ಎಂದುಬಿಟ್ಟಿದ್ದರು.

“ಏಳೇ, ಮಾನ ಹೋಗ್ತದೆ!” ಎಂದು ತಾಯಿ ಮಗಳ ಭುಜಕ್ಕೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಎಷ್ಟೋ ದಿನದ ಮೇಲೆ ಆ ಮುಖ ಹಗುರಾಗಿತ್ತು. ತಾಯಿ ಪಕ್ಕದಲ್ಲಿ ಕುಸಿದು ಕೂತು, “ಮದ್ವೆ ಹೋದ್ರೆ ಹೋಗ್ಲಿ ಬಿಡಿ ಮೇಡಮ್. ಮಲಗ್ಲಿ,” ಎಂದರು.

ಗಂಡಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನೋಡಿದರು.

“ನೋಡಿದ್ರಾ?” ಎಂದು ಮಾವನ ಕಡೆ ತಿರುಗಿದರು. “ಹುಡುಗಿಗೆ ನಿದ್ದೇನೇ ಬರಲ್ವಂತೆ ಅಂತ ಊರ ತುಂಬ ಚಾಡಿ ಹೇಳಿದ್ರಲ್ಲ, ಅವ್ರ ಬಾಯಿಗೆ ಮಣ್ಣು ಹಾಕ! ಕೇಳ್ರಿ, ಏನ್ ಗೊರಕೆ!”

ಗಂಡು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ದಾಬಸ್‌ಪೇಟೆ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟು ಮುಗಿಸಿ ಊರಿಗೆ ಬಂದು, ಮಲಗದೆ ಸ್ನಾನ ಮಾಡಿ ಹೊರಟು ಬಂದಿದ್ದನಂತೆ. ನಿಂತಲ್ಲೇ ತೂಗುತ್ತಿದ್ದ. ನನ್ನ ಹತ್ತಿರ ಬಂದು, “ಅಕ್ಕ, ಆ ಚಾಪೆ ಖಾಲಿ ಇದ್ಯಾ?” ಎಂದು ಪಿಸುಗುಟ್ಟಿದ. ಷೂ ಬಿಚ್ಚಿದ್ದೊಂದು ಗೊತ್ತು, ಮರುಗಳಿಗೆಯೇ ಮಲಗಿ ನಿದ್ದೆ ಹೋದ.

ಹಿರಿಯರು ಅತ್ತ ಮರದ ಮರೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಪಿಸುಮಾತಿನಲ್ಲೇ ನೆಂಟಸ್ತಿಕೆ ಮಾತಾಡಿದರು. ರಾಹುಕಾಲ ಬಂದು ಕೂತಿದ್ದು ಮಾವನಿಗೂ ತಿಳಿಯಲಿಲ್ಲ.

ಐದರ ಹೊತ್ತಿಗೆ ಹುಡುಗಿ ಮೈ ಮುರಿದು ಎದ್ದಳು. ಎರಡು ಚಾಪೆ ಆಚೆ ಮಲಗಿದ್ದವನನ್ನು ನೋಡಿದಳು. ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ತನ್ನ ದುಪಟ್ಟಾ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಹೇಳಿದಳು:

“ಯಾರಕ್ಕ ಇದು, ಹೊಸಬ್ರಾ? ಪಾಪ, ಎಷ್ಟು ದಿನದಿಂದ ನಿದ್ದೆ ಇಲ್ವೋ. ಎಬ್ಬಿಸ್ಬೇಡಿ. ಆ ಗಂಡಿನ ಕಡೆಯೋರು ಬಂದ್ರೆ ಕಾಯ್ಲಿ ಬಿಡಿ.”