ಮಾವನ ಮನೆಯ ಏರು ಮತ್ತು ನಲವತ್ತೆರಡು ಹಲ್ಲು

ಕಳೆದ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಜೋಯಿಡಾ ಸಮೀಪದ ಏರಿನಲ್ಲಿ ನನ್ನ ಸೈಕಲ್ಲಿನ ಚೈನು ಸಿಕ್ಕಿಹಾಕಿಕೊಂಡು ನಿಂತಿತು. ಯಾರಿಗೂ ಗಾಯವಾಗಿಲ್ಲ. ಪ್ರತ್ಯಕ್ಷದರ್ಶಿ ಒಬ್ಬನಿದ್ದ; ಅವನು ನನ್ನ ಹೆಂಡತಿಯ ತಮ್ಮ ಪರಶುರಾಮ ಎಂಬುದೇ ಸುದ್ದಿಯ ಮುಖ್ಯಾಂಶ.

ಆ ಏರಿನ ತುದಿಯಲ್ಲಿ ನನ್ನ ಮಾವನ ಮನೆ. ದಾಂಡೇಲಿಯಿಂದ ಅಲ್ಲಿಗೆ ಆಗಾಗ ಸೈಕಲ್ ಮೇಲೆ ಹೋಗುತ್ತೇನೆ. ಈ ಹೇಳಿಕೆ ಕೊನೆಯ ಮುನ್ನೂರು ಮೀಟರಿನವರೆಗೆ ನಿಜ. ಆಮೇಲೆ ಇಳಿದು ತಳ್ಳುತ್ತೇನೆ. ಸರಿಯಾಗಿ ಆ ಹೊತ್ತಿಗೆ ಪರಶುರಾಮ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. "ಮಾಮಾರ, ಸೈಕಲ್ ನಿಮ್ಮನ್ನ ಕರಕೊಂಡು ಬಂತೋ, ನೀವ ಅದನ್ನ ಕರಕೊಂಡು ಬಂದ್ರೋ?" ಒಳಗಿನಿಂದ ಅತ್ತೆಯವರ ನಗು ಕೇಳುತ್ತದೆ. ಮೂರು ವರ್ಷದಿಂದ ಇದೇ ಪ್ರಶ್ನೆ. ಒಂದು ಸಲವಾದರೂ ಆ ಅಂಗಳಕ್ಕೆ ಸೀಟಿನ ಮೇಲೆ ಕೂತೇ ಪ್ರವೇಶಿಸಬೇಕೆಂಬುದು ಈ ವಯಸ್ಸಿನಲ್ಲಿ ನನಗೆ ಉಳಿದ ಏಕೈಕ ಮಹತ್ವಾಕಾಂಕ್ಷೆ.

ಏರು ಹಗುರಾಗಲು ಉಪಾಯವಿದೆ. ಹಿಂದಿನ ಗಾಲಿಯಲ್ಲಿ ಹಲ್ಲುಚಕ್ರಗಳ ಗೊಂಚಲೊಂದಿರುತ್ತದೆ. ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಅದರ ದೊಡ್ಡ ಚಕ್ರಕ್ಕೆ ಹಲ್ಲು ಹೆಚ್ಚಿದ್ದಷ್ಟೂ ಕಾಲಿಗೆ ಭಾರ ಕಡಿಮೆ. ನನ್ನದಕ್ಕೆ ಮೂವತ್ತೆರಡಿತ್ತು. ನಲವತ್ತೆರಡರದನ್ನು ಹಾಕುವುದೆಂದು ತೀರ್ಮಾನಿಸಿದೆ. ಇಪ್ಪತ್ತೆಂಟು ವರ್ಷ ತಾಲ್ಲೂಕು ವರದಿಗಾರನಾಗಿ ದುಡಿದವನು ನಾನು. ಎರಡು ಮೂಲಗಳಿಂದ ಖಚಿತವಾಗದೆ ನಾಯಿ ಕಚ್ಚಿದ ಸುದ್ದಿಯನ್ನೂ ಕಳಿಸಿದವನಲ್ಲ. ಸೈಕಲ್ ಹೊಡೆಯುವ ಇಬ್ಬರನ್ನು ಕೇಳಿದೆ. ಮುಂಡಗೋಡದ ಔಷಧ ಅಂಗಡಿಯವರು "ಆರಾಮ ಕೂಡ್ತೈತ್ರಿ" ಎಂದರು. ಹಳಿಯಾಳದ ಮಾಸ್ತರರು "ಕೂಡ್ತೈತಿ, ಏನೂ ವಿಚಾರ ಮಾಡಬ್ಯಾಡ್ರಿ" ಎಂದರು. ಖಚಿತವಾಯಿತು. ಪಾನಾ, ಅಂದರೆ ಸ್ಪ್ಯಾನರು, ಎರವಲು ತಂದು ನಾನೇ ಜೋಡಿಸಿದೆ. ಚೈನು ಮಾತ್ರ ಹಳೆಯದೇ ಇರಲಿ ಎಂದು ಬಿಟ್ಟೆ.

ಆ ಭಾನುವಾರ ಏರಿನ ಬುಡದಲ್ಲಿ ಚೈನನ್ನು ದೊಡ್ಡ ಚಕ್ರಕ್ಕೆ ಹತ್ತಿಸಿದೆ. ಕರ್ರೆಂದಿತು. ಪೆಡಲು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಾಲಿಯೂ ತಿರುಗದು. ಮೇಲಿಂದ ಪರಶುರಾಮ ಕೂಗಿದ: "ಮಾಮಾರ, ಇವತ್ತ ತಳ್ಳಿದ್ರೂ ಬರವಲ್ದಲ್ಲ! ಹೊತಗೊಂಡ ಬರ್ರಿ!"

ಹೊತ್ತುಕೊಂಡೇ ಹೋದೆ.

ದಾಂಡೇಲಿಯಲ್ಲಿ ಸೈಕಲ್ ರಿಪೇರಿ ಮಾಡುವ ಬಸ್ತ್ಯಾಂವ ಅದನ್ನು ತಲೆಕೆಳಗು ಮಾಡಿ, ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಕೈಯನ್ನು, ಅಂದರೆ ಡಿರೇಲರನ್ನು, ಬೆರಳಲ್ಲಿ ಎಳೆದು ನೋಡಿದ. "ಸರ, ನೀವು ನಲವತ್ತೆರಡು ಹಲ್ಲಿಂದು ತಂದ್ರಿ. ಈ ಕೈ ಮೂವತ್ನಾಕರ ತನಕ ಅಷ್ಟ ನಿಲುಕತೈತಿ. ಚೈನೂ ಗಿಡ್ಡ. ಯಾರನ್ನ ಕೇಳಿದ್ರಿ?"

ಇಬ್ಬರ ಹೆಸರೂ ಹೇಳಿದೆ. ಬಸ್ತ್ಯಾಂವ ಪಾನಾ ಕೆಳಗಿಟ್ಟು ನಕ್ಕ. "ಮಾಸ್ತರ್ರಿಗೆ ಹೇಳಿದವ್ರ ಆ ಔಷಧದವ್ರು. ಇಬ್ಬರ ಸೈಕಲ್ಲೂ ಹಿಂಗ ಸಿಕ್ಕೊಂಡು ಇಲ್ಲೇ ಬಿದ್ದಾವ, ನೋಡ್ರಿ ಅಲ್ಲಿ."

ನೋಡಿದೆ. ಎರಡೂ ಗೋಡೆಗೆ ಒರಗಿದ್ದವು. ಮೂರನೆಯದಕ್ಕೂ ಜಾಗವಿತ್ತು.

ಉದ್ದ ಕೈಯ ಡಿರೇಲರ್ ಬಂತು, ಉದ್ದ ಚೈನು ಬಂತು. ಕಳೆದ ಭಾನುವಾರ, ನಡೆದು ಹೋಗುವವರಿಗಿಂತ ಹೆಚ್ಚೇನೂ ವೇಗವಿಲ್ಲದೆ, ಆದರೆ ಕೂತೇ, ಮಾವನ ಅಂಗಳ ಮುಟ್ಟಿದೆ. ಕೋಳಿಗಳು ಸರಿದು ದಾರಿ ಬಿಟ್ಟವು. ಪರಶುರಾಮ ಕಪ್ಪನ್ನು ಕಟ್ಟೆಯ ಮೇಲಿಟ್ಟ. ಪ್ರಶ್ನೆ ಬರಲಿಲ್ಲ. ಸೈಕಲ್ಲನ್ನು ಎರಡು ಸುತ್ತು ಹಾಕಿ ನೋಡಿದ. "ಮಾಮಾರ, ಒಂದ ರೌಂಡ್ ಹೋಗಿ ಬರ್ಲೇನ್ರಿ?" ಅಂಥ ಗೌರವದ ದನಿಯನ್ನು ಅವನಿಂದ ನನ್ನ ಮದುವೆಯ ದಿನವೂ ಕೇಳಿರಲಿಲ್ಲ. ಉದಾರವಾಗಿ ಕೊಟ್ಟೆ. ಅವಲಕ್ಕಿ ತಿಂದೆ, ಎರಡನೇ ಚಹಾ ಕುಡಿದೆ, ಅತ್ತೆಯವರ ಹೊಗಳಿಕೆಯನ್ನು ಪೂರ್ತಿ ಕೇಳಿದೆ. ಮಧ್ಯಾಹ್ನ ದೂರದ ಅಣಶಿ ಘಟ್ಟದಿಂದ ಅವನ ಫೋನು: "ಏರು ಗೊತ್ತ ಆಗಂಗಿಲ್ರಿ ಮಾಮಾರ! ನೀವು ಊಟಾ ಮಾಡ್ರಿ, ಹಾದಿ ಕಾಯಬ್ಯಾಡ್ರಿ."

ಸಂಜೆ ಬಸ್ಸಿನಲ್ಲಿ ದಾಂಡೇಲಿಗೆ ಮರಳಿದೆ. ಇಂದು ಗುರುವಾರ. ಸೈಕಲ್ ಜೋಯಿಡಾದಲ್ಲಿದೆ.